ರಿಮ್ ಜಾಯಿಸ್ಟಿಗೆ ಯಾವ ಫೋಮ್? ಚಳಿ ಊರಿನಲ್ಲಿ ಬೇಸ್‌ಮೆಂಟ್ ಇರುವವರಿಗೆ

ಮಿನಿಯಾಪೊಲಿಸ್, ಶಿಕಾಗೊ, ಬಾಸ್ಟನ್, ಟೊರಾಂಟೊ ಕಡೆ ಮನೆ ಕೊಂಡ ನಮ್ಮವರಿಗೆ ಮೊದಲ ಚಳಿಗಾಲದಲ್ಲೇ ಒಂದು ಸಂಗತಿ ಕಾಲಿಗೆ ಗೊತ್ತಾಗುತ್ತದೆ. ನಾವು ಮನೆಯೊಳಗೆ ಬರಿಗಾಲಲ್ಲಿ ಓಡಾಡುವವರು. ಥರ್ಮೋಸ್ಟಾಟ್ 68 ಫ್ಯಾರನ್‌ಹೀಟ್ ತೋರಿಸುತ್ತಿದ್ದರೂ ಹೊರಗೋಡೆ ಪಕ್ಕದ ಒಂದೆರಡು ಅಡಿ ನೆಲ ಮಾತ್ರ ಕೊರೆಯುತ್ತಿರುತ್ತದೆ. ಊರಿಂದ ಬಂದ ಅಪ್ಪ ಅಮ್ಮ ಎರಡೆರಡು ಜೊತೆ ಸಾಕ್ಸ್ ಹಾಕಿಕೊಂಡು ಕೂರುತ್ತಾರೆ. ಎಲ್ಲರೂ ಕಿಟಕಿಯನ್ನು ಬೈಯುತ್ತಾರೆ. ಬಹಳ ಸಲ ತಪ್ಪು ಕಿಟಕಿಯದ್ದಲ್ಲ, ನೆಲದ ಕೆಳಗೆ ಮನೆಯ ಸುತ್ತ ಓಡುವ ರಿಮ್ ಜಾಯಿಸ್ಟ್ ಅನ್ನುವ ಹಲಗೆಯದು.

ಅದನ್ನು ಸರಿಮಾಡುವುದಕ್ಕೆ ನಾಲ್ಕೈದು ದಾರಿ ಇವೆ. ಸ್ಪ್ರೇ ಫೋಮ್ ಹೊಡೆಯುವವರನ್ನು ಕರೆಸಬಹುದು. ಕಿಟ್ ತಂದು ನಾವೇ ಹೊಡೆಯಬಹುದು. ಗಟ್ಟಿ ಫೋಮ್ ಶೀಟ್ ಕತ್ತರಿಸಿ ಕೂರಿಸಬಹುದು. ಸುಮ್ನೆ ಫೈಬರ್‌ಗ್ಲಾಸ್ ತುರುಕಿ ಬಿಡುವವರೂ ಇದ್ದಾರೆ. ಯಾವುದು ಯಾರಿಗೆ ಅನ್ನುವುದು ಮನೆ ನೋಡಿ ಹೇಳಬೇಕಾದ ಮಾತು. ಒಂದು ಮಾತ್ರ ಎಲ್ಲರಿಗೂ ಅನ್ವಯಿಸುತ್ತದೆ: ಇಲ್ಲಿ ಮೊದಲ ಕೆಲಸ ಗಾಳಿ ತಡೆಯುವುದು, ಆರ್-ವ್ಯಾಲ್ಯೂ (ಶಾಖ ಹೊರಹೋಗದಂತೆ ತಡೆಯುವ ಶಕ್ತಿಯ ಅಳತೆ) ಆಮೇಲೆ. ಅಂಗಡಿಯ ಲೇಬಲ್ಲು ಆರ್ ನಂಬರನ್ನು ದಪ್ಪಕ್ಷರದಲ್ಲಿ ಹಾಕಿರುತ್ತದೆ, ಗಾಳಿಯ ಮಾತೇ ಎತ್ತುವುದಿಲ್ಲ.

ಮೊದಲು ಆ ಜಾಗ ನೋಡಿ ಬನ್ನಿ

ಬೇಸ್‌ಮೆಂಟಿಗೆ ಇಳಿದು, ಕಾಂಕ್ರೀಟ್ ಗೋಡೆಯ ತಲೆ ಎಲ್ಲಿ ಮುಗಿಯುತ್ತದೋ ಅಲ್ಲಿ ನೋಡಿ. ಗೋಡೆಯ ಮೇಲೆ ಅಗಲ ಮಲಗಿಸಿದ ಹಲಗೆ ಸಿಲ್ ಪ್ಲೇಟ್. ಅದರ ಮೇಲೆ ಸಾಲಾಗಿ ನಿಂತಿರುವುದು ನೆಲವನ್ನು ಹೊರುವ ತೊಲೆಗಳಾದ ಜಾಯಿಸ್ಟ್‌ಗಳು, ಸಾಮಾನ್ಯವಾಗಿ 16 ಇಂಚಿಗೆ ಒಂದು. ಆ ಜಾಯಿಸ್ಟ್‌ಗಳ ತುದಿಯನ್ನು ಹೊರಗಿನಿಂದ ಮುಚ್ಚಿರುವ ಹಲಗೆಯೇ ರಿಮ್ ಜಾಯಿಸ್ಟ್. ಹೀಗೆ ಸಾಲಾಗಿ ಗೂಡುಗಳು ಆಗಿರುತ್ತವೆ. ಹೆಚ್ಚಿನ ಮನೆಗಳಲ್ಲಿ ಪ್ರತಿ ಗೂಡಿಗೂ ಒಂದೊಂದು ತುಂಡು ಗುಲಾಬಿ ಅಥವಾ ಹಳದಿ ಫೈಬರ್‌ಗ್ಲಾಸ್ ತುರುಕಿ ಬಿಲ್ಡರ್ ಕೈ ತೊಳೆದುಕೊಂಡಿರುತ್ತಾನೆ.

ಆ ತುಂಡನ್ನು ಹೊರಗೆ ಎಳೆದು ಹಿಂಬದಿ ನೋಡಿ. ಅಂಚಿನಲ್ಲಿ ಕಪ್ಪು ಗೆರೆ ಕಂಡರೆ ಅದು ಬೂಷ್ಟು ಅಂತ ತಕ್ಷಣ ಹೆದರಬೇಡಿ. ಬಹಳ ಸಲ ಅದು ಧೂಳು. ಹೊರಗಿನ ಗಾಳಿ ವರ್ಷಗಟ್ಟಲೆ ಅದರ ಮೂಲಕ ಒಳಗೆ ಬಂದಿದೆ, ಡಿಕಾಕ್ಷನ್ ಸೋಸುವ ಬಟ್ಟೆಯ ಹಾಗೆ ಕಸವನ್ನೆಲ್ಲ ಅದು ಹಿಡಿದಿಟ್ಟುಕೊಂಡಿದೆ. ಜನವರಿಯಲ್ಲಿ ನೋಡಿದರೆ ಹಿಂದಿನ ಹಲಗೆಯ ಮೇಲೆ, ಮೊಳೆಯ ತುದಿಗಳ ಮೇಲೆ ಬಿಳಿ ಹಿಮದ ಪುಡಿ ಕಾಣಬಹುದು. ಆ ನೀರು ಹೊರಗಿನಿಂದ ಬಂದದ್ದಲ್ಲ. ನಮ್ಮ ಸಾರು ಕುದಿಸಿದ್ದು, ಕುಕ್ಕರ್ ಕೂಗಿಸಿದ್ದು, ಸ್ನಾನ ಮಾಡಿದ್ದು, ಹ್ಯೂಮಿಡಿಫೈಯರ್ ಹಾಕಿದ್ದು, ಎಲ್ಲದರ ಹಬೆ ಅಲ್ಲಿ ಹೋಗಿ ಕೂತಿರುತ್ತದೆ.

ಗಾಳಿ ಎಲ್ಲಿಂದ ಬರುತ್ತಿದೆ ಅಂತ ನೋಡಲು, ಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಮಾಡುವ ಬ್ಲೋವರ್ ಡೋರ್ ಪರೀಕ್ಷೆ ಇದೆ. ಅದಕ್ಕೂ ಮೊದಲು ಮನೆಯಲ್ಲೇ ಮಾಡಬಹುದಾದ್ದು ಊದುಬತ್ತಿ ಪರೀಕ್ಷೆ. ಚಳಿಯ, ಗಾಳಿ ಬೀಸುವ ದಿನ ಆರಿಸಿಕೊಳ್ಳಿ. ಅಡುಗೆಮನೆ ಚಿಮಣಿ, ಬಾತ್‌ರೂಮ್ ಫ್ಯಾನ್, ಬಟ್ಟೆ ಡ್ರೈಯರ್ ಎಲ್ಲ ಹಾಕಿ. ಹೊಗೆ ಮೇಲೆ ಹೋಗುವ ಹಳೇ ನಮೂನೆಯ ಗ್ಯಾಸ್ ವಾಟರ್ ಹೀಟರ್ ಇದ್ದರೆ ಅದನ್ನು ಮೊದಲು ಆರಿಸಿಡಿ. ಹಚ್ಚಿದ ಊದುಬತ್ತಿಯನ್ನು ಸಿಲ್ ಪ್ಲೇಟಿನ ಉದ್ದಕ್ಕೂ, ಫೈಬರ್‌ಗ್ಲಾಸಿಗೆ ತಾಗಿಸದೆ, ನಿಧಾನವಾಗಿ ಹಿಡಿದುಕೊಂಡು ಹೋಗಿ. ಹೊಗೆ ನೆಟ್ಟಗೆ ಮೇಲೇಳುವುದು ಬಿಟ್ಟು ಒಳಮುಖವಾಗಿ ಓಡಿದರೆ ಅಲ್ಲಿ ಸಂದು ಇದೆ ಅಂತ ಅರ್ಥ. ಗ್ಯಾಸ್ ಪೈಪ್, ಕೇಬಲ್, ಹೊರಗಿನ ನಲ್ಲಿ, ಡ್ರೈಯರ್ ವೆಂಟ್ ಹಾದುಹೋಗುವ ತೂತುಗಳನ್ನು ಬಿಡಬೇಡಿ. ಕಾಂಕ್ರೀಟ್ ಮತ್ತು ಸಿಲ್ ಪ್ಲೇಟ್ ಸೇರುವ ಗೆರೆಯೇ ದೊಡ್ಡ ಅಪರಾಧಿ.

ಇಲ್ಲೇ ಯಾಕೆ ಇಷ್ಟು ಗಾಳಿ? ಬಿಸಿ ಗಾಳಿ ಮೇಲೇರಿ ಅಟ್ಟದ ಸಂದುಗಳಲ್ಲಿ ಹೊರಗೆ ಹೋಗುತ್ತದೆ. ಹೋದಷ್ಟು ಗಾಳಿ ಕೆಳಗಿನಿಂದ ಬರಲೇಬೇಕು. ಕೆಳಗೆ ಇರುವ ಅತಿ ಉದ್ದದ ಸಂದು ಮನೆಯ ಸುತ್ತಳತೆಯಷ್ಟು ಉದ್ದದ ಈ ರಿಮ್ ಜಾಯಿಸ್ಟ್. ಅಟ್ಟ ಹಾಗೇ ಬಿಟ್ಟು ರಿಮ್ ಮಾತ್ರ ಮುಚ್ಚಿದರೆ ಅರ್ಧ ಕೆಲಸ. ಎರಡಕ್ಕೂ ದುಡ್ಡಿದ್ದರೆ ಒಟ್ಟಿಗೆ ಮಾಡಿಸಿ.

ಫೈಬರ್‌ಗ್ಲಾಸ್ ಯಾಕೆ ಬೇಡ: ಒಂದು ಲೆಕ್ಕ

ಹೊರಗೆ ಮೈನಸ್ 20 ಸೆಲ್ಸಿಯಸ್, ಒಳಗೆ 20 ಅಂತ ಇಟ್ಟುಕೊಳ್ಳಿ. ಮಿನ್ನೆಸೋಟದಲ್ಲಿ ಇದು ವಿಶೇಷವೇನಲ್ಲ. ಒಂದೂವರೆ ಇಂಚಿನ ಹಲಗೆ, ಹೊರಗಿನ ಸೈಡಿಂಗ್ ಎಲ್ಲ ಸೇರಿ ಆರ್-2 ಸುಮಾರು. ಒಳಗೆ ಆರ್-13 ಫೈಬರ್‌ಗ್ಲಾಸ್ ತುರುಕಿದರೆ ಹಲಗೆಯ ಒಳಮೈ ಮೈನಸ್ 15ರ ಹತ್ತಿರ ಇರುತ್ತದೆ. ಮನೆಯ ಗಾಳಿ 20 ಡಿಗ್ರಿ, ತೇವ ಶೇ. 40 ಇದ್ದರೆ ಅದು 6 ಡಿಗ್ರಿಗೆ ತಣಿದ ಕೂಡಲೇ ನೀರು ಬಿಡಲು ಶುರುಮಾಡುತ್ತದೆ. ಫೈಬರ್‌ಗ್ಲಾಸ್ ಗಾಳಿಯನ್ನು ತಡೆಯುವುದಿಲ್ಲ. ಒಳಗಿನ ಗಾಳಿ ಆರಾಮಾಗಿ ಹೋಗಿ ಆ ಹಲಗೆಗೆ ತಾಗುತ್ತದೆ, ಹಿಮ ಕಟ್ಟುತ್ತದೆ, ಮಾರ್ಚಿನಲ್ಲಿ ಕರಗಿ ಸಿಲ್ ಪ್ಲೇಟಿಗೆ ಇಳಿಯುತ್ತದೆ. ಏನೂ ಹಾಕದ ಹಲಗೆಗಿಂತ ಫೈಬರ್‌ಗ್ಲಾಸ್ ಹಾಕಿದ ಹಲಗೆ ಹೆಚ್ಚು ತಣ್ಣಗಿರುತ್ತದೆ. ಏಕೆಂದರೆ ಈಗ ಅದಕ್ಕೆ ಮನೆಯ ಶಾಖವೂ ಸಿಗುವುದಿಲ್ಲ. ಕಲ್ಲಿನ ನಾರಿನಿಂದ ಮಾಡಿದ ಮಿನರಲ್ ವುಲ್ ಬೆಂಕಿ ತಡೆಯಲು ಒಳ್ಳೆಯದು, ಆದರೆ ಒಂಟಿಯಾಗಿ ಹಾಕಿದರೆ ಇದೇ ಕಥೆ.

ಹಾಗಾಗಿ ಹಲಗೆಗೆ ಅಂಟಿಕೊಂಡು, ಗಾಳಿ ಬಿಡದ ವಸ್ತುವೇ ಬೇಕು. ಫೋಮ್ ಬರುವುದು ಈ ಕಾರಣಕ್ಕೆ.

ಜನ ಕರೆಸಿ ಹೊಡೆಸುವ ಕ್ಲೋಸ್ಡ್ ಸೆಲ್

ಒಳಗಿನ ಗುಳ್ಳೆಗಳೆಲ್ಲ ಮುಚ್ಚಿಕೊಂಡಿರುವ ಗಟ್ಟಿ ಸ್ಪ್ರೇ ಫೋಮ್ ಇದು. ರಾಜ ಆಯ್ಕೆ, ಬೆಲೆಯೂ ರಾಜನದ್ದೇ. ಒಂದು ಇಂಚಿಗೆ ಆರ್-6ರಿಂದ 7. ಎರಡು ಇಂಚು ಹೊಡೆಸಿದರೆ 12ರಿಂದ 14, ಮೂರು ಇಂಚಿಗೆ 18ರಿಂದ 21. ಎರಡು ಇಂಚಿನಷ್ಟು ದಪ್ಪಕ್ಕೆ ಬರುವಷ್ಟರಲ್ಲಿ ಹಬೆಯನ್ನೂ ಸಾಕಷ್ಟು ತಡೆಯುತ್ತದೆ. ಗಾಳಿ, ಹಬೆ, ಚಳಿ ಮೂರಕ್ಕೂ ಒಂದೇ ಪದರ. ಬೇರೆ ಯಾವ ವಸ್ತುವೂ ಮೂರನ್ನೂ ಒಂದೇ ಏಟಿಗೆ ಮಾಡುವುದಿಲ್ಲ.

ಕೆಲಸದವರು ಟ್ರಕ್ಕಿನಲ್ಲಿ ಎರಡು ಡ್ರಮ್ಮು, ಬಿಸಿ ಮಾಡಿದ ಉದ್ದನೆಯ ಪೈಪು ತರುತ್ತಾರೆ. ಗನ್ನಿನ ಬಾಯಲ್ಲಿ ಎರಡೂ ರಾಸಾಯನಿಕ ಬೆರೆತು, ಹಲಗೆಗೆ ತಾಗಿದ ಕೂಡಲೇ ಉಬ್ಬಿ ಗಟ್ಟಿಯಾಗುತ್ತದೆ. ಮೂಲೆ, ಪೈಪಿನ ಹಿಂಭಾಗ, ವೈರಿನ ಸುತ್ತ, ಕೈ ಹೋಗದ ಕಡೆಯೆಲ್ಲ ಫೋಮ್ ಹೋಗುತ್ತದೆ. ಖಾಲಿ ಬೇಸ್‌ಮೆಂಟ್ ಆದರೆ ಅರ್ಧ ದಿನದ ಕೆಲಸ.

ಜಾಯಿಸ್ಟ್ ಯಾವ ಜಾತಿಯದ್ದು ಅಂತ ನೋಡಿಕೊಳ್ಳಿ. ಸುಮಾರು 1990ರಿಂದ ಈಚೆಗೆ ಕಟ್ಟಿದ ಬಹಳಷ್ಟು ಮನೆಗಳಲ್ಲಿ ಇಡೀ ಮರದ ಹಲಗೆ ಇರುವುದಿಲ್ಲ. ಮಧ್ಯೆ ತೆಳು ಹಲಗೆ, ಮೇಲೆ ಕೆಳಗೆ ದಪ್ಪ ಪಟ್ಟಿ ಇರುವ ಐ-ಜಾಯಿಸ್ಟ್ ಇರುತ್ತದೆ. ಅಲ್ಲಿ ಗೂಡು ಚೌಕವಾಗಿರುವುದಿಲ್ಲ, ಎರಡೂ ಕಡೆ ತಗ್ಗು ಇರುತ್ತದೆ. ಶೀಟ್ ಕತ್ತರಿಸಿ ಕೂರಿಸುವವರಿಗೆ ಅದು ತಲೆನೋವು. ಸ್ಪ್ರೇಗೆ ಯಾವ ತಗ್ಗೂ ಲೆಕ್ಕಕ್ಕಿಲ್ಲ. ಐ-ಜಾಯಿಸ್ಟ್ ಇದ್ದರೆ ಅಥವಾ ಜಾಲರಿಯಂಥ ಫ್ಲೋರ್ ಟ್ರಸ್ ಇದ್ದರೆ ನಾನು ಎರಡನೇ ಯೋಚನೆ ಮಾಡದೆ ಜನ ಕರೆಸಿ ಅನ್ನುತ್ತೇನೆ.

ತೊಂದರೆಗಳೂ ಇವೆ. ಒಂದು, ಒಮ್ಮೆ ಹೊಡೆದರೆ ತೆಗೆಯುವುದು ಮಹಾ ಕಷ್ಟ, ಹಲಗೆಯಿಂದ ಕೆರೆಯಬೇಕು. ಎರಡು, ಅದರ ಹಿಂದೆ ಹಲಗೆಗೆ ಏನಾಗುತ್ತಿದೆ ಅಂತ ಆಮೇಲೆ ಕಾಣುವುದಿಲ್ಲ. ಮೂರು, ಮಿಶ್ರಣದ ಪ್ರಮಾಣ ತಪ್ಪಿದರೆ ಫೋಮ್ ಸರಿಯಾಗಿ ಗಟ್ಟಿಯಾಗದೆ ಮೀನಿನಂಥ ವಾಸನೆ ಉಳಿಯಬಹುದು. ಅದು ತಿಂಗಳುಗಟ್ಟಲೆ ಹೋಗದೆ ಜನ ಪರದಾಡಿದ್ದುಂಟು. ನಾಲ್ಕು, ಒಂದೇ ಸಲ ಜಾಸ್ತಿ ದಪ್ಪ ಹೊಡೆದರೆ ಒಳಗೆ ಶಾಖ ಹುಟ್ಟಿ ಫೋಮ್ ಸುಟ್ಟುಕೊಳ್ಳುತ್ತದೆ, ಬೆಂಕಿ ಹತ್ತಿದ್ದೂ ಇದೆ. ಸುಮಾರು ಎರಡು ಇಂಚಿಗೆ ಒಂದು ಪದರ, ಅದು ತಣಿದ ಮೇಲೆ ಇನ್ನೊಂದು. ಅವಸರದ ಕೆಲಸದವನು ಈ ಕಾಯುವಿಕೆಯನ್ನೇ ಹಾರಿಸುವುದು.

ಪರಿಸರದ ವಿಷಯ ಮನಸ್ಸಿಗೆ ಬಂದರೆ ಉಬ್ಬಿಸುವ ಗ್ಯಾಸ್ ಯಾವುದು ಅಂತ ಕೇಳಿ. ಹಳೇ ಎಚ್‌ಎಫ್‌ಸಿ ಗ್ಯಾಸ್ ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರ ಪಟ್ಟು ಹತ್ತಿರ ಬಿಸಿ ಹಿಡಿಯುತ್ತಿತ್ತು. ಹೊಸ ಎಚ್‌ಎಫ್‌ಒ ಗ್ಯಾಸಿನದ್ದು ತೀರಾ ಕಡಿಮೆ. ಕೆನಡಾ 2021ರ ಜನವರಿಯಿಂದಲೇ ಹಳೆಯದಕ್ಕೆ ಕಡಿವಾಣ ಹಾಕಿತು.

ಓಪನ್ ಸೆಲ್

ಇದೂ ಸ್ಪ್ರೇ ಫೋಮೇ, ಅಗ್ಗ, ಸ್ಪಂಜಿನಂತೆ ಮೆತ್ತಗಿರುತ್ತದೆ. ಇಂಚಿಗೆ ಆರ್-3.5ರಿಂದ 3.8. ಗಾಳಿ ತಡೆಯುತ್ತದೆ, ಹಬೆಯನ್ನು ಬಿಡುತ್ತದೆ. ಟೆಕ್ಸಾಸಿನಲ್ಲಿ ಸರಿ. ಮೈನಸ್ 20 ಆಗುವ ಊರಿನಲ್ಲಿ ಹಬೆ ಅದರೊಳಗಿಂದ ಹಾದು ತಣ್ಣನೆಯ ಹಲಗೆಗೆ ತಲುಪುತ್ತದೆ. ಕೊಟೇಶನ್ ಕಡಿಮೆ ಬಂದರೆ ಅದು ಓಪನ್ ಸೆಲ್ ಅಲ್ಲವಷ್ಟೇ ಅಂತ ಖಚಿತ ಮಾಡಿಕೊಳ್ಳಿ. ಬರೀ ‘ಸ್ಪ್ರೇ ಫೋಮ್’ ಅಂತ ಬರೆದಿದ್ದರೆ ಸಾಲದು.

ಅಂಗಡಿಯಲ್ಲಿ ಸಿಗುವ ಕಿಟ್

ಎರಡು ಸಿಲಿಂಡರ್, ಒಂದು ಗನ್, ಒಂದಿಷ್ಟು ನಾಜಲ್. ಡಬ್ಬದ ಮೇಲೆ 200 ಬೋರ್ಡ್ ಫೀಟ್, 600 ಬೋರ್ಡ್ ಫೀಟ್ ಅಂತ ಇರುತ್ತದೆ. ಒಂದು ಚದರ ಅಡಿಗೆ ಒಂದು ಇಂಚು ದಪ್ಪ ಹೊಡೆದರೆ ಒಂದು ಬೋರ್ಡ್ ಫೀಟ್.

ಲೆಕ್ಕ ಹಾಕಿ ನೋಡೋಣ. ಮನೆ 28 ಅಡಿ ಅಗಲ, 40 ಅಡಿ ಉದ್ದ. ಸುತ್ತಳತೆ 136 ಅಡಿ. 2x10 ಜಾಯಿಸ್ಟ್ ಅಂದರೆ ನಿಜವಾದ ಎತ್ತರ ಒಂಬತ್ತೂಕಾಲು ಇಂಚು. ಒಟ್ಟು 105 ಚದರ ಅಡಿ ಹತ್ತಿರ ಬರುತ್ತದೆ. ಎರಡು ಇಂಚು ದಪ್ಪಕ್ಕೆ 210 ಬೋರ್ಡ್ ಫೀಟ್. ಅಂದರೆ ಸಣ್ಣ ಕಿಟ್ಟು ಕಾಗದದ ಮೇಲೇ ಸಾಲುವುದಿಲ್ಲ. ಸಿಲ್ ಪ್ಲೇಟಿನ ಮೇಲೆ, ಜಾಯಿಸ್ಟಿನ ಪಕ್ಕಕ್ಕೆ ಹೋಗುವ ಫೋಮ್, ನಾಜಲಿನಲ್ಲಿ ಹಾಳಾಗುವುದು, ಕೈ ಪಳಗುವವರೆಗಿನ ನಷ್ಟ ಸೇರಿದರೆ ಇನ್ನೂ ಕಡಿಮೆ. ಎರಡು ಸಣ್ಣ ಕಿಟ್ ಅಥವಾ ಒಂದು ದೊಡ್ಡದು ಬೇಕು. ಅಷ್ಟೊತ್ತಿಗೆ ಬೆಲೆ, ಕೆಲಸದವರ ಕನಿಷ್ಠ ಚಾರ್ಜಿನ ಹತ್ತಿರಕ್ಕೆ ಬಂದಿರುತ್ತದೆ. ಕಿಟ್ಟಿನ ಲಾಭ ಇರುವುದು ಹತ್ತಿಪ್ಪತ್ತು ಗೂಡು ಮಾತ್ರ ಬಾಕಿ ಇದ್ದಾಗ, ಅಥವಾ ಟೌನ್‌ಹೋಮಿನ ಹಾಗೆ ಹೊರಗೋಡೆ ಎರಡೇ ಕಡೆ ಇದ್ದಾಗ.

ಕಿಟ್ಟಿಗೆ ಬಿಸಿ ಬೇಕು. ಸಿಲಿಂಡರಿನ ಒಳಗಿನ ರಾಸಾಯನಿಕ 70 ಫ್ಯಾರನ್‌ಹೀಟಿಗಿಂತ ಮೇಲಿರಬೇಕು. ರಾತ್ರಿಯಿಡೀ ಗ್ಯಾರೇಜಿನಲ್ಲಿಟ್ಟು ಬೆಳಿಗ್ಗೆ ತಂದರೆ ಹೊರಗಿನ ತಗಡು ಬೆಚ್ಚಗಾದರೂ ಒಳಗೆ ತಣ್ಣಗೇ ಇರುತ್ತದೆ. ಪ್ರಮಾಣ ತಪ್ಪುವುದು ಹೀಗೆ. ಹಲಗೆಯೂ ತೀರಾ ತಣ್ಣಗಿರಬಾರದು. ಚಳಿ ಅಂತ ನೆನಪಾಗಿ ಜನವರಿಯಲ್ಲಿ ಶುರುಮಾಡುವವರು ಸಿಕ್ಕಿಬೀಳುವುದು ಇಲ್ಲೇ. ಸೆಪ್ಟೆಂಬರ್, ಅಕ್ಟೋಬರ್ ಸರಿಯಾದ ಕಾಲ. ಗನ್ ಒತ್ತುವುದನ್ನು ಅರ್ಧ ನಿಮಿಷ ನಿಲ್ಲಿಸಿದರೆ ನಾಜಲ್ ಒಳಗೇ ಗಟ್ಟಿಯಾಗುತ್ತದೆ, ಹೊಸದು ಹಾಕಬೇಕು. ಹಾಗಾಗಿ ಗೂಡುಗಳನ್ನೆಲ್ಲ ಮೊದಲೇ ಗುಡಿಸಿ, ಫೈಬರ್‌ಗ್ಲಾಸ್ ತೆಗೆದು, ಏಣಿ ಎಲ್ಲೆಲ್ಲಿ ಇಡಬೇಕು ಅಂತ ನೋಡಿಟ್ಟುಕೊಂಡು ಆಮೇಲೆ ಗನ್ ಹಿಡಿಯಬೇಕು.

ಆರೋಗ್ಯದ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಸಿಲಿಂಡರಿನಲ್ಲಿ ಇರುವುದು ಐಸೋಸಯನೇಟ್. ಅದರ ಹಬೆ, ತುಂತುರು ಉಸಿರಿಗೆ ಹೋದರೆ ಕೆಲವರಿಗೆ ಅಸ್ತಮಾ ಬರುತ್ತದೆ. ಒಮ್ಮೆ ಮೈಗೆ ಒಗ್ಗದೆ ಹೋದರೆ ಮುಂದೆ ಸ್ವಲ್ಪ ಸೋಕಿದರೂ ಕಷ್ಟ. ಕೋವಿಡ್ ಕಾಲದ ಮಾಸ್ಕ್ ಇಲ್ಲಿ ಕೆಲಸಕ್ಕೆ ಬಾರದು. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ರೆಸ್ಪಿರೇಟರ್, ಕನ್ನಡಕ, ಗ್ಲವ್ಸ್, ಮೈ ಮುಚ್ಚುವ ಸೂಟ್ ಬೇಕು. ಗಡ್ಡ ಬಿಟ್ಟಿದ್ದರೆ ರೆಸ್ಪಿರೇಟರ್ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ, ಅವತ್ತು ಬೋಳಿಸಿ. ಫರ್ನೇಸ್ ಆಫ್ ಮಾಡಿ, ಬೇಸ್‌ಮೆಂಟಿನ ರಿಟರ್ನ್ ಗ್ರಿಲ್ಲುಗಳನ್ನು ಪ್ಲಾಸ್ಟಿಕ್ ಹಾಕಿ ಮುಚ್ಚಿ, ಇಲ್ಲದಿದ್ದರೆ ವಾಸನೆ ಇಡೀ ಮನೆಗೆ ಹರಡುತ್ತದೆ. ಮಕ್ಕಳು, ವಯಸ್ಸಾದವರು, ನಾಯಿ ಬೆಕ್ಕು ಸೇರಿ ಮನೆಯವರೆಲ್ಲ ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಮನೆಯಿಂದ ಹೊರಗಿರಲಿ. ಬಹಳ ಕಡೆ 24 ಗಂಟೆ ಅನ್ನುತ್ತಾರೆ. ಕೆಲಸದವರು ಹೊಡೆದರೂ ಇದೇ ನಿಯಮ. ಸ್ನೇಹಿತರ ಮನೆಯಲ್ಲಿ ಒಂದು ರಾತ್ರಿ ಕಳೆಯುವ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ.

ಶೀಟ್ ಕತ್ತರಿಸಿ ಕೂರಿಸುವುದು

ಟೈಮ್ ಇದೆ, ಕೈಗೆ ಕೆಲಸ ಬೇಕು ಅನ್ನುವವರಿಗೆ ಇದೇ ದಾರಿ. ಎರಡು ಇಂಚಿನ ಗಟ್ಟಿ ಫೋಮ್ ಶೀಟನ್ನು ಗೂಡಿನ ಅಳತೆಗೆ ಕತ್ತರಿಸಿ, ಹಲಗೆಗೆ ಒತ್ತಿ ನಿಲ್ಲಿಸಿ, ಸುತ್ತಲಿನ ಸಂದಿಗೆ ಡಬ್ಬಿ ಫೋಮ್ ತುಂಬುವುದು. ಎಕ್ಸ್‌ಪಿಎಸ್ ಅಂದರೆ ಆ ಗುಲಾಬಿ ಅಥವಾ ನೀಲಿ ಶೀಟು, ಇಂಚಿಗೆ ಆರ್-5. ಅಲ್ಯುಮಿನಿಯಂ ಹಾಳೆ ಅಂಟಿಸಿದ ಪಾಲಿಐಸೋ ಇಂಚಿಗೆ 6ರ ಮೇಲೆ, ಆದರೆ ತೀರಾ ಚಳಿಯಲ್ಲಿ ಸ್ವಲ್ಪ ಕಡಿಮೆಯಾಗುತ್ತದೆ.

ಮೇಲಿನ ಮನೆಯನ್ನೇ ತೆಗೆದುಕೊಳ್ಳಿ. 40 ಅಡಿಯ ಎರಡು ಬದಿಗೆ 30ರಂತೆ 60 ಗೂಡು. ಪ್ರತಿ ಗೂಡು ಹದಿನಾಲ್ಕೂವರೆ ಇಂಚು ಅಗಲ, ಒಂಬತ್ತೂಕಾಲು ಎತ್ತರ. ಸುತ್ತಲೂ ಕಾಲು ಇಂಚು ಸಂದು ಬಿಟ್ಟು 14 x 8¾ ಇಂಚಿಗೆ ಕತ್ತರಿಸಿದರೆ 4x8 ಅಡಿಯ ಒಂದು ಶೀಟಿನಲ್ಲಿ 30 ತುಂಡು ಸಿಗುತ್ತದೆ. ಎರಡು ಶೀಟಿಗೆ ಆ ಬದಿಗಳು ಮುಗಿದವು. ಜಾಯಿಸ್ಟ್ ಗೋಡೆಗೆ ಸಮಾನಾಂತರವಾಗಿ ಓಡುವ 28 ಅಡಿಯ ಎರಡು ಬದಿಗೆ ಉದ್ದ ಪಟ್ಟಿಗಳು, ಇನ್ನೆರಡು ಶೀಟು. ಒಟ್ಟು ನಾಲ್ಕೇ ನಾಲ್ಕು ಶೀಟು! ಬೆಲೆಯಲ್ಲಿ ಇದನ್ನು ಯಾವುದೂ ಮುಟ್ಟುವುದಿಲ್ಲ.

ಬೆವರು ಇಳಿಯುವುದು ಕತ್ತರಿಸುವಾಗ ಅಲ್ಲ, ಸೀಲ್ ಮಾಡುವಾಗ. ಒಂದೊಂದು ತುಂಡಿನ ಸುತ್ತ ನಾಲ್ಕು ಅಡಿಗೆ ಹತ್ತಿರ ಸಂದು. 60 ಗೂಡಿಗೆ ಸುಮಾರು 230 ಅಡಿ. ನಳಿಕೆ ಇರುವ ಮಾಮೂಲಿ ಡಬ್ಬಿಯಲ್ಲಿ ಇದನ್ನು ಮಾಡಲು ಹೋಗಬೇಡಿ, ಅರ್ಧದಲ್ಲಿ ಬಿಟ್ಟರೆ ನಳಿಕೆ ಕಟ್ಟಿಕೊಳ್ಳುತ್ತದೆ, ತಲೆ ಮೇಲೆಲ್ಲ ಸುರಿಯುತ್ತದೆ. ಫೋಮ್ ಗನ್ ಒಂದು ಕೊಂಡುಕೊಳ್ಳಿ. ಒತ್ತಿದಾಗ ಬರುತ್ತದೆ, ಬಿಟ್ಟಾಗ ನಿಲ್ಲುತ್ತದೆ. ಈ ಒಂದು ಖರ್ಚು ಉಳಿಸಲು ಹೋದವರೇ ಕೆಲಸವನ್ನು ಅರ್ಧಕ್ಕೆ ಬಿಡುವುದು. ಕೂದಲಿಗೆ ಅಂಟಿದರೆ ಕತ್ತರಿಯೇ ಗತಿ, ಟೋಪಿ ಹಾಕಿ. ಡಬ್ಬಿ ಫೋಮಿನಲ್ಲಿರುವ ಗ್ಯಾಸ್ ಹೊತ್ತಿಕೊಳ್ಳುವಂಥದ್ದು. ವಾಟರ್ ಹೀಟರಿನ ಪೈಲಟ್ ಉರಿ ಆರಿಸಿ ಶುರುಮಾಡಿ.

ಕೆಲಸದ ಕ್ರಮ ಹೀಗಿರಲಿ. ಮೊದಲು ಕಾಂಕ್ರೀಟ್ ಮತ್ತು ಸಿಲ್ ಪ್ಲೇಟಿನ ನಡುವಿನ ಗೆರೆಯನ್ನು ಸೀಲಂಟಿನಿಂದ ಮುಚ್ಚಿ. ಶೀಟು ಸಿಲ್ಲಿನ ಮೇಲೆ ಕೂರುವುದರಿಂದ ಈ ಗೆರೆ ಅದರ ಕೆಳಗೇ ಉಳಿದುಬಿಡುತ್ತದೆ, ಬಹಳ ಜನ ಇದನ್ನು ಮರೆಯುತ್ತಾರೆ. ಆಮೇಲೆ ಶೀಟು, ಆಮೇಲೆ ಫೋಮ್. ಎಲ್ಲ ಗೂಡೂ ಒಂದೇ ಅಳತೆ ಅಂತ ನಂಬಬೇಡಿ, ಬಡಗಿ ಅಲ್ಲಲ್ಲಿ ಒಂದು ಜಾಯಿಸ್ಟ್ ಜಾಸ್ತಿ ಹಾಕಿರುತ್ತಾನೆ. ಸಮಾನಾಂತರವಾಗಿ ಓಡುವ ಬದಿಯಲ್ಲಿ ಕೊನೆಯ ಜಾಯಿಸ್ಟ್ ರಿಮ್ಮಿಗೆ ತೀರಾ ಹತ್ತಿರ ಇದ್ದರೆ ಕೈಯೇ ಹೋಗುವುದಿಲ್ಲ. ಅಲ್ಲಿ ಶೀಟು ಬಿಟ್ಟು ಸಣ್ಣ ಕಿಟ್ ಬಳಸುವುದು ಜಾಣತನ.

ಶೀಟಿನ ಇನ್ನೊಂದು ಲಾಭವನ್ನು ಯಾರೂ ಹೇಳುವುದಿಲ್ಲ. ಅನುಮಾನ ಬಂದರೆ ಚಾಕುವಿನಿಂದ ಸುತ್ತ ಕೊಯ್ದು ಒಂದು ತುಂಡು ತೆಗೆದು ಹಲಗೆ ನೋಡಬಹುದು, ಮತ್ತೆ ಕೂರಿಸಬಹುದು. ಸ್ಪ್ರೇ ಮಾಡಿದ ಮನೆಯಲ್ಲಿ ಆ ಅವಕಾಶ ಇಲ್ಲ.

ಶೀಟಿನ ಮುಂದೆ ಇನ್ನೂ ಬೆಚ್ಚಗಿರಲಿ ಅಂತ ಮಿನರಲ್ ವುಲ್ ತುರುಕುವ ಆಸೆ ಎಲ್ಲರಿಗೂ ಆಗುತ್ತದೆ. ಸ್ವಲ್ಪ ತಡೆಯಿರಿ. ಹಲಗೆ 2, ಶೀಟು 10, ವುಲ್ 15 ಅಂತ ಹಳೇ ಲೆಕ್ಕಕ್ಕೇ ಹಾಕಿ. ಮೈನಸ್ 20ರ ದಿನ ಶೀಟಿನ ಒಳಮೈ ಮೈನಸ್ 2ಕ್ಕೆ ಇಳಿಯುತ್ತದೆ. ವುಲ್ ಒಳಗಿಂದ ಹೋದ ಹಬೆ ಅಲ್ಲಿ ನೀರಾಗುತ್ತದೆ. ವುಲ್ ಇಲ್ಲದಿದ್ದರೆ ಅದೇ ಮೈ ಹೆಚ್ಚುಕಡಿಮೆ ಕೋಣೆಯಷ್ಟೇ ಬೆಚ್ಚಗಿರುತ್ತಿತ್ತು. ವುಲ್ ಬೇಕೇ ಬೇಕು ಅಂದರೆ ಫೋಮ್ ದಪ್ಪ ಇರಲಿ. ಅಮೆರಿಕದ ಮನೆ ಕಟ್ಟುವ ನಿಯಮಾವಳಿ, ಅಂದರೆ ಕೋಡು, ಒಳಗೆ ಬಿಗಿಯಾದ ಹಬೆ ತಡೆ ಇಲ್ಲದ 2x6 ಗೋಡೆಗೆ ಹೊರಗಿನ ಇನ್ಸುಲೇಷನ್ ಪದರ ಶಿಕಾಗೊದ ಚಳಿ ವಲಯದಲ್ಲಿ ಆರ್-7.5, ಮಿನಿಯಾಪೊಲಿಸ್ ವಲಯದಲ್ಲಿ 11.25, ಇನ್ನೂ ಉತ್ತರದ ಡುಲುತ್ ಕಡೆ 15 ಇರಲಿ ಅನ್ನುವುದು ಇದೇ ಕಾರಣಕ್ಕೆ. ಚಳಿಗಾಲದಲ್ಲಿ ಮನೆಯ ತೇವ ಶೇ. 30ರ ಆಸುಪಾಸಿಗೆ ಇಳಿಸಿದರೆ ಗಾಳಿ ನೀರು ಬಿಡುವ ಮಟ್ಟ 6ರಿಂದ 2 ಡಿಗ್ರಿಗೆ ಇಳಿಯುತ್ತದೆ. ಹ್ಯೂಮಿಡಿಫೈಯರ್ ತಿರುಗುಣಿಯನ್ನೂ ಒಮ್ಮೆ ನೋಡಿ.

ಬೆಂಕಿಯ ವಿಷಯ

ಫೋಮ್ ಪ್ಲಾಸ್ಟಿಕ್, ಉರಿಯುತ್ತದೆ, ಕಪ್ಪು ಹೊಗೆ ಬಿಡುತ್ತದೆ. ಅಮೆರಿಕದ ಮನೆ ಕಟ್ಟುವ ಕೋಡು ಸಾಮಾನ್ಯವಾಗಿ ಫೋಮನ್ನು ಅರ್ಧ ಇಂಚಿನ ಡ್ರೈವಾಲಿನಿಂದ ಮುಚ್ಚಿ ಅನ್ನುತ್ತದೆ. ರಿಮ್ ಜಾಯಿಸ್ಟಿಗೆ ಮಾತ್ರ ಒಂದು ವಿನಾಯಿತಿ ಕೊಟ್ಟಿದೆ: ಸ್ಪ್ರೇ ಫೋಮ್ ಮೂರೂಕಾಲು ಇಂಚಿನೊಳಗೆ ಇದ್ದು, ಬೆಂಕಿ ಪರೀಕ್ಷೆಯ ಮಿತಿಯೊಳಗಿದ್ದರೆ ಮುಚ್ಚದೆ ಬಿಡಬಹುದು. ಇದು ಸ್ಪ್ರೇ ಫೋಮಿಗೆ ಬರೆದ ನಿಯಮ. ಗುಲಾಬಿ ಶೀಟು ಹಾಕಿ ‘ಎಲ್ಲರೂ ಹಾಗೇ ಬಿಡ್ತಾರೆ’ ಅಂದರೆ ಇನ್‌ಸ್ಪೆಕ್ಟರ್ ಒಪ್ಪಬೇಕಾಗಿಲ್ಲ. ಅದಕ್ಕೇ ಶೀಟು ಹಾಕುವವರಿಗೆ ನಾನು ಹೇಳುವುದು ಥರ್ಮ್ಯಾಕ್ಸ್ ಅನ್ನುವ ಪಾಲಿಐಸೋ. ಮುಚ್ಚದೆ ಬಿಡಲು ಅದಕ್ಕೆ ಪರೀಕ್ಷೆಯ ಆಧಾರ ಇದೆ, ಎರಡು ಇಂಚಿಗೆ ಆರ್-13 ಸಿಗುತ್ತದೆ. ಗುಲಾಬಿ ಶೀಟಿಗಿಂತ ದುಬಾರಿ, ನಾಲ್ಕೇ ಶೀಟಲ್ವಾ, ಕೊಡಬಹುದು. ಕೆನಡಾದಲ್ಲಿ ನಿಯಮ ಬೇರೆ, ಅಲ್ಲಿ ಫೋಮ್ ಮುಚ್ಚಬೇಕು ಅನ್ನುವುದೇ ಸಾಮಾನ್ಯ. ಎಲ್ಲೇ ಇರಲಿ, ಊರಿನ ಬಿಲ್ಡಿಂಗ್ ಆಫೀಸಿಗೆ ಒಂದು ಫೋನ್ ಮಾಡಿ. ಬಿಸಿ ಹೊಗೆ ಹೊರಹೋಗುವ ಫ್ಲೂ ಪೈಪಿನ ಸುತ್ತ ಫೋಮ್ ಬೇಡವೇ ಬೇಡ.

ಫೋಮ್ ಮುಟ್ಟುವ ಮುಂಚೆ

ಸ್ಕ್ರೂಡ್ರೈವರ್ ಹಿಡಿದು ರಿಮ್ಮನ್ನು ಅಲ್ಲಲ್ಲಿ ಚುಚ್ಚಿ. ಡೆಕ್ ಗೋಡೆಗೆ ಸೇರುವ ಕಡೆ, ಹಿಂಬಾಗಿಲಿನ ಹೊಸ್ತಿಲ ಕೆಳಗೆ ಜಾಸ್ತಿ ನೋಡಿ. ಮಳೆ ನೀರು ಒಳಗೆ ಬರುವುದು ಅಲ್ಲೇ. ಮೆತ್ತಗೆ ಒಳಗೆ ಹೋದರೆ ಹಲಗೆ ಕೊಳೆತಿದೆ. ಅದರ ಮೇಲೆ ಫೋಮ್ ಹೊಡೆದರೆ ರೋಗ ಮುಚ್ಚಿಟ್ಟಂತೆ. ತೇವದ ಮೀಟರ್ ಇದ್ದರೆ ಶೇ. 18–20ಕ್ಕಿಂತ ಕಡಿಮೆ ಇರಬೇಕು.

ಕಲ್ಲು ಅಥವಾ ಇಟ್ಟಿಗೆಯ ಅಡಿಪಾಯ ಇರುವ ಹಳೇ ಮನೆಗಳು ಬೇರೆ ಜಾತಿ. ಜಾಯಿಸ್ಟಿನ ತುದಿ ಇಟ್ಟಿಗೆಯೊಳಗೇ ಹುದುಗಿದ್ದರೆ ಇಷ್ಟು ವರ್ಷ ಅದನ್ನು ಒಣಗಿಸಿ ಇಟ್ಟಿದ್ದು ಮನೆಯ ಶಾಖ. ಫೋಮ್ ಹೊಡೆದು ಆ ಶಾಖ ತಪ್ಪಿಸಿದರೆ ಮರ ಒಳಗೇ ಕೊಳೆಯಬಹುದು. ಇಂಥ ಮನೆಗೆ ಹಳೇ ಕಟ್ಟಡ ಗೊತ್ತಿರುವವರನ್ನು ಕರೆಸದೆ ಏನೂ ಮಾಡಬೇಡಿ. ಪಿಂಗಾಣಿ ಗುಬ್ಬಿಗಳ ಮೇಲೆ ಓಡುವ ಹಳೇ ವೈರಿಂಗ್ ಕಂಡರೂ ಅಷ್ಟೇ, ಮೊದಲು ಎಲೆಕ್ಟ್ರಿಷಿಯನ್.

ಹೊಗೆ ತಾನಾಗೇ ಮೇಲೆ ಹೋಗುವ ಗ್ಯಾಸ್ ವಾಟರ್ ಹೀಟರ್ ಇದ್ದರೆ, ಮನೆ ಬಿಗಿಯಾದ ಮೇಲೆ ಅಡುಗೆಮನೆ ಚಿಮಣಿ ಹಾಕಿದಾಗ ಆ ಹೊಗೆ ವಾಪಸ್ ಒಳಗೆ ಬರಬಹುದು. ಕೆಲಸ ಮುಗಿದ ಮೇಲೆ ಪರೀಕ್ಷೆ ಮಾಡಿಸಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಪ್ರತಿ ಮಹಡಿಗೂ ಇರಲಿ. ಎಷ್ಟೋ ಊರುಗಳಲ್ಲಿ ಕರೆಂಟು, ಗ್ಯಾಸ್ ಕಂಪನಿಗಳೇ ಕಡಿಮೆ ದುಡ್ಡಿಗೆ ಆಡಿಟ್ ಮಾಡಿಸಿಕೊಡುತ್ತವೆ. ಮಿನ್ನೆಸೋಟದಲ್ಲಿ ಹೋಮ್ ಎನರ್ಜಿ ಸ್ಕ್ವಾಡ್, ಮ್ಯಾಸಚೂಸೆಟ್ಸಿನಲ್ಲಿ ಮಾಸ್ ಸೇವ್ ಇಂಥವು. ಅಮೆರಿಕ ಸರ್ಕಾರ ಇನ್ಸುಲೇಷನ್ನಿಗೆ ಕೊಡುತ್ತಿದ್ದ ಶೇ. 30ರ ತೆರಿಗೆ ರಿಯಾಯಿತಿ ಡಿಸೆಂಬರ್ 31, 2025ಕ್ಕೆ ಮುಗಿಯಿತು. ಅದನ್ನು ತೋರಿಸಿ ವ್ಯಾಪಾರ ಮಾಡಲು ಬರುವವರನ್ನು ನಂಬಬೇಡಿ.

ಯಾರಿಗೆ ಯಾವುದು

ಐ-ಜಾಯಿಸ್ಟ್ ಇರುವ ಹೊಸ ಮನೆ, ಬೇಸ್‌ಮೆಂಟ್ ಇನ್ನೂ ಫಿನಿಶ್ ಮಾಡಿಲ್ಲ, ಅಟ್ಟವನ್ನೂ ಸೀಲ್ ಮಾಡಿಸುವ ಯೋಚನೆ ಇದೆ: ಕ್ಲೋಸ್ಡ್ ಸೆಲ್ ಹೊಡೆಸಿ. ಎರಡೂ ಕೆಲಸ ಒಬ್ಬರಿಗೇ ಕೊಟ್ಟರೆ ಕನಿಷ್ಠ ಚಾರ್ಜ್ ಒಂದೇ ಸಲ ಬೀಳುತ್ತದೆ. ಬೇಸ್‌ಮೆಂಟ್ ಫಿನಿಶ್ ಮಾಡುವ ಯೋಚನೆ ಇದ್ದರಂತೂ ಡ್ರೈವಾಲ್ ಏರುವ ಮುಂಚೆಯೇ ಆಗಬೇಕು.

ಗಟ್ಟಿ ಮರದ 2x10 ಜಾಯಿಸ್ಟ್ ಇರುವ ಹಳೇ ಮನೆ, ಹಲಗೆ ಒಣಗಿದೆ, ವಾರಾಂತ್ಯಗಳು ಕೈಯಲ್ಲಿವೆ: ಥರ್ಮ್ಯಾಕ್ಸ್ ಶೀಟು, ಫೋಮ್ ಗನ್. ನಾನು ಈ ದಾರಿಯ ಕಡೆಯವನು. ಒಂದೇ ದಿನ ಮುಗಿಸಬೇಕಿಲ್ಲ, ಉತ್ತರ ಮತ್ತು ಪಶ್ಚಿಮದ ಬದಿಯಿಂದ ಶುರುಮಾಡಿ. ಮನೆಯಲ್ಲಿ ಅಸ್ತಮಾ ಇರುವವರಿದ್ದರೂ ಇದೇ ಮೇಲು.

ಗೂಡು ಕಡಿಮೆ, ಕೈ ಹೋಗದ ಜಾಗ ಜಾಸ್ತಿ, ಕೆಲಸದವರ ಕನಿಷ್ಠ ಚಾರ್ಜ್ ಕೇಳಿ ತಲೆ ತಿರುಗುತ್ತಿದೆ: ಕಿಟ್. ಟೌನ್‌ಹೋಮ್ ಆದರೆ ಪಕ್ಕದ ಮನೆ ಜೊತೆ ಹಂಚಿಕೊಂಡ ಗೋಡೆಯನ್ನು ಮುಟ್ಟಬೇಡಿ. ಅದು ಬೆಂಕಿ ತಡೆಯುವ ಗೋಡೆ, ಅದರ ನಿಯಮವೇ ಬೇರೆ.

ಬಾಡಿಗೆ ಮನೆ, ಎರಡು ವರ್ಷದಲ್ಲಿ ಬಿಡುತ್ತೀರಿ: ಸಿಲ್ಲಿನ ಗೆರೆಗೆ ಸೀಲಂಟು, ಪೈಪಿನ ತೂತುಗಳಿಗೆ ಡಬ್ಬಿ ಫೋಮ್, ಓನರ್ ಒಪ್ಪಿದರೆ. ಇಷ್ಟಕ್ಕೇ ಕಾಲಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಕೊಟೇಶನ್ ಕೈಗೆ ಬಂದಾಗ

ಕಾಗದದ ಮೇಲೆ ಇರಬೇಕಾದದ್ದು: ಕ್ಲೋಸ್ಡ್ ಸೆಲ್ ಅನ್ನುವ ಮಾತು, ಫೋಮಿನ ಹೆಸರು, ಕನಿಷ್ಠ ಎಷ್ಟು ಇಂಚು, ಎಷ್ಟು ಪದರದಲ್ಲಿ, ಎಷ್ಟು ಗಂಟೆ ಮನೆಯಿಂದ ಹೊರಗಿರಬೇಕು, ಗಾಳಿ ಹೊರಹಾಕುವ ಫ್ಯಾನ್ ಯಾರದ್ದು, ಹಳೇ ಫೈಬರ್‌ಗ್ಲಾಸ್ ಯಾರು ತೆಗೆದು ಸಾಗಿಸುತ್ತಾರೆ. ವಾಸನೆ ಉಳಿದರೆ ಏನು ಮಾಡುತ್ತೀರಿ ಅಂತ ಕೇಳಿ. ‘ಹಾಗೆಲ್ಲ ಆಗೋದೇ ಇಲ್ಲ’ ಅಂದವನಿಗಿಂತ ‘ಆ ಭಾಗ ಕೆರೆದು ಮತ್ತೆ ಹೊಡೆಯುತ್ತೇವೆ’ ಅಂತ ಬರೆದುಕೊಟ್ಟವನು ವಾಸಿ. ಫೋಮ್ ಸಿಲ್ ಪ್ಲೇಟನ್ನೂ ಮುಚ್ಚಿ ಕಾಂಕ್ರೀಟಿನ ಮೇಲೆ ಸ್ವಲ್ಪ ಇಳಿಯಬೇಕು ಅನ್ನುವುದನ್ನೂ ಬರೆಸಿ. ಇಲ್ಲದಿದ್ದರೆ ರಿಮ್ಮಿಗೆ ಮಾತ್ರ ಹೊಡೆದು, ಆ ದೊಡ್ಡ ಸಂದನ್ನು ಹಾಗೇ ಬಿಟ್ಟು ಹೋಗುತ್ತಾರೆ.

ಕೆಲಸ ಮುಗಿದ ದಿನ ಪೂರ್ತಿ ದುಡ್ಡು ಕೊಡುವ ಮುಂಚೆ ತೆಳು ತಂತಿಯೊಂದಕ್ಕೆ ಎರಡು ಇಂಚಿಗೆ ಗುರುತು ಹಾಕಿಕೊಂಡು, ವೈರು ಪೈಪು ಇಲ್ಲದ ಕಡೆ ಹತ್ತಾರು ಗೂಡಿನಲ್ಲಿ ಚುಚ್ಚಿ ನೋಡಿ. ನಡುವೆ ಮಾತ್ರವಲ್ಲ, ಮೂಲೆಗಳಲ್ಲೂ ಚುಚ್ಚಿ. ಮೂಲೆಯಲ್ಲಿ ಫೋಮ್ ತೆಳುವಾಗಿರುವುದು, ಜಾಯಿಸ್ಟಿನಿಂದ ಬಿಟ್ಟುಕೊಂಡಿರುವುದು ಸಾಮಾನ್ಯ. ಗನ್ನು ಪೈಪು ಇನ್ನೂ ಟ್ರಕ್ಕಿಗೆ ಏರಿರದಿದ್ದರೆ ಸರಿಮಾಡಿಸುವುದು ಹತ್ತು ನಿಮಿಷದ ಕೆಲಸ.